ಸತ್ತ ಪೆನ್ ಡ್ರೈವ್‌ಗೆ ಯಾವ ಮದ್ದು ನಾಟಿತು?

ಡ್ರಾಯರ್‌ನಲ್ಲಿ ಬಿದ್ದಿದ್ದ ಮೂರು ಪೆನ್ ಡ್ರೈವ್‌ಗಳನ್ನು ರಜೆಯಲ್ಲಿ ಕೈಗೆತ್ತಿಕೊಂಡೆ. ಮೂರಕ್ಕೂ ಒಂದೇ ಕಾಯಿಲೆ. ಚುಚ್ಚಿದರೆ ಕಂಪ್ಯೂಟರ್‌ನಲ್ಲಿ ಡ್ರೈವ್ ಕಾಣುತ್ತದೆ, ತೆರೆಯಲು ಹೋದರೆ ‘ಡಿಸ್ಕ್ ಹಾಕಿ’ ಅನ್ನುತ್ತದೆ. ವಿಂಡೋಸ್‌ನ ಡಿಸ್ಕ್ ನೋಡುವ ಕಮಾಂಡ್ ಡಿಸ್ಕ್‌ಪಾರ್ಟ್‌ನಲ್ಲಿ ಗಾತ್ರ 0, ‘ನೋ ಮೀಡಿಯಾ’.

ಇಂಥದ್ದಕ್ಕೆ ಫಾರ್ಮ್ಯಾಟ್ ಆಗಲಿ, ಡಿಸ್ಕ್‌ಪಾರ್ಟ್‌ನ ‘ಕ್ಲೀನ್’ ಆಗಲಿ ಕೆಲಸಕ್ಕೆ ಬರುವುದಿಲ್ಲ. ಹೆಚ್ಚಾಗಿ ಕೆಟ್ಟಿರುವುದು ಫರ್ಮ್‌ವೇರ್, ಅಂದರೆ ಡ್ರೈವ್ ಅನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂ. ನಮ್ಮ ಫೋಟೊ, ಹಾಡು ಕೂರುವ ಫ್ಲ್ಯಾಶ್ ಚಿಪ್‌ನಲ್ಲೇ ಅದರ ಒಂದಷ್ಟು ಭಾಗವೂ ಇರುತ್ತದೆ. ಕಾಪಿ ಆಗುವಾಗ ಸುಮ್ನೆ ಎಳೆದುಬಿಟ್ಟರೆ ಅದೂ ಹಾಳಾಗಬಹುದು. ಮತ್ತೆ ಬರೆಯಲು ಕಾರ್ಖಾನೆಯವರು ಬಳಸುವ ಟೂಲ್ ಬೇಕು, ಅದೂ ಒಳಗಿನ ಕಂಟ್ರೋಲರ್‌ಗೆ (ಫ್ಲ್ಯಾಶ್ ಚಿಪ್ ಅನ್ನು ನಿಭಾಯಿಸುವ ಚಿಪ್) ಹೊಂದುವಂಥದ್ದೇ. ಮೇಲಿನ ಬ್ರ್ಯಾಂಡ್ ನೋಡಿ ಆರಿಸಬೇಡಿ. ಒಂದೇ ಮಾಡೆಲ್‌ನಲ್ಲೂ ಬೇರೆ ಬೇರೆ ಕಂಟ್ರೋಲರ್ ಇರುತ್ತವೆ. ಕಂಟ್ರೋಲರ್ ಯಾವ ಕಂಪನಿಯದು ಅಂತ ತೋರಿಸುವ ಚಿಪ್‌ಜೀನಿಯಸ್‌ನಲ್ಲಿ ನೋಡಿಕೊಂಡೆ: ಒಂದು ಆಲ್ಕೋರ್, ಒಂದು ಸಿಲಿಕಾನ್ ಮೋಷನ್, ಒಂದು ಫೈಸನ್.

ಆಲ್ಕೋರ್‌ನ ಟೂಲ್ ಆಲ್ಕೋರ್‌ಎಂಪಿ ಹೊಸಬರಿಗೆ ಸುಲಭ. ತೆರೆದ ಕೂಡಲೇ ಡ್ರೈವ್ ಕಾಣಿಸಿತು, ಸ್ಟಾರ್ಟ್ ಒತ್ತಿದೆ. ಮೊದಲ ಸಲ ಕೆಂಪು, ಅಂದರೆ ಫೇಲ್. ಸೆಟಪ್‌ನಲ್ಲಿ ಪೂರ್ತಿ ಸ್ಕ್ಯಾನ್ ಆರಿಸಿ ಬಿಟ್ಟೆ. ರಾತ್ರಿ ಊಟ ಮುಗಿಸಿ ಬಂದರೂ ನಡೆಯುತ್ತಲೇ ಇತ್ತು. ಮಲಗುವ ಹೊತ್ತಿಗೆ ಹಸಿರು! ಕೆಟ್ಟ ಬ್ಲಾಕ್‌ಗಳನ್ನು ಬದಿಗಿಟ್ಟಿದ್ದರಿಂದ ಜಾಗ ಮೊದಲಿಗಿಂತ ಸ್ವಲ್ಪ ಕಡಿಮೆ.

ನನಗೆ ಜಾಸ್ತಿ ಹಿಡಿಸಿದ್ದು ಸಿಲಿಕಾನ್ ಮೋಷನ್‌ನ ಎಂಪಿಟೂಲ್. ಎಫ್5 ಒತ್ತಿದರೆ ಡ್ರೈವ್ ಹುಡುಕುತ್ತದೆ, ಸ್ಪೇಸ್ ಬಾರ್ ಒತ್ತಿದರೆ ಕೆಲಸ ಶುರು. ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಕೇಳಿತು, 320 ಕೊಟ್ಟೆ, ತೆರೆಯಿತು. ಹೊಂದುವ ಆವೃತ್ತಿ ಹುಡುಕಲು ಒಂದು ಸಂಜೆ ಹೋಯಿತು. ಸಿಕ್ಕ ಮೇಲೆ ಕೆಲವೇ ನಿಮಿಷ.

ಫೈಸನ್‌ನ ಎಂಪಿಆಲ್ ಕಷ್ಟದ್ದು. ಫರ್ಮ್‌ವೇರ್ ಬರೆಯಲು ನೆರವಾಗುವ ಬರ್ನರ್ ಫೈಲ್ ಬೇರೆ, ಫರ್ಮ್‌ವೇರ್ ಫೈಲ್ ಬೇರೆ, ಎರಡೂ ಚಿಪ್‌ಗೆ ಹೊಂದಬೇಕು. ಡ್ರೈವ್ ಟೂಲ್‌ಗೆ ಕಾಣಿಸಲೇ ಇಲ್ಲ. ಕೆಟ್ಟ ಫರ್ಮ್‌ವೇರ್ ಓದದೆ ಕಂಟ್ರೋಲರ್ ಏಳಲಿ ಅಂತ ಕವಚ ಬಿಚ್ಚಿ, 48 ಕಾಲಿನ ಫ್ಲ್ಯಾಶ್ ಚಿಪ್‌ನ 29, 30ನೇ ಕಾಲುಗಳನ್ನು ಹೊಲಿಗೆ ಸೂಜಿಯಿಂದ ಸೇರಿಸಿ ಹಿಡಿದು ಪೋರ್ಟ್‌ಗೆ ಚುಚ್ಚಿದೆ. ಉಸಿರು ಬಿಗಿಹಿಡಿದು ಕೂತಿದ್ದೆ. ಕಾಲುಗಳು ಕೂದಲಷ್ಟು ಹತ್ತಿರ, ಪಕ್ಕದ್ದಕ್ಕೆ ತಾಗಿದರೆ ಚಿಪ್ಪೇ ಹೋದೀತು. ಡ್ರೈವ್ ಕಾಣಿಸಿತು, ಆದರೆ ನನ್ನಲ್ಲಿದ್ದ ಫರ್ಮ್‌ವೇರ್ ಹೊಂದಲಿಲ್ಲ. ಅಲ್ಲಿಗೇ ಬಿಟ್ಟೆ.

ಇವೆಲ್ಲ ಸಿಗುವುದು ಹೆಚ್ಚಾಗಿ ಯಾರೋ ಹಾಕಿಟ್ಟ ಜಿಪ್ ಫೈಲ್‌ನಲ್ಲಿ. ಹಾಗಾಗಿ ಏನೂ ಇಲ್ಲದ ಹಳೇ ಲ್ಯಾಪ್‌ಟಾಪ್‌ನಲ್ಲಿ ಮಾಡಿದೆ. ಎದ್ದ ಎರಡನ್ನೂ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷಾ ಪ್ರೋಗ್ರಾಂನಲ್ಲಿ ತುಂಬಿಸಿ ಓದಿಸಿದೆ, ತಪ್ಪು ಬರಲಿಲ್ಲ. ಆದರೂ ಕಾರಿನ ಹಾಡಿಗೆ ಮಾತ್ರ ಬಳಸುತ್ತಿದ್ದೇನೆ.

ಈ ಟೂಲ್‌ಗಳು ಡ್ರೈವ್ ಉಳಿಸುತ್ತವೆ, ಒಳಗಿದ್ದದ್ದನ್ನೆಲ್ಲ ಅಳಿಸುತ್ತವೆ. ನನ್ನ ಹತ್ತಿರ ಇಂಥದ್ದೇ ನಾಲ್ಕನೆಯದೊಂದಿದೆ, ಅಕ್ಕನ ಮಗನ ನಾಮಕರಣದ ಫೋಟೊಗಳಿರುವುದು. ಅದನ್ನು ಯಾವ ಟೂಲ್‌ಗೂ ಹಾಕಿಲ್ಲ. ಡೇಟಾ ರಿಕವರಿಯವರಿಗೆ ಕೊಡಲು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.