ಎಮಿಷನ್ ಟೆಸ್ಟ್ ಪಾಸ್ ಆಗಲಿ ಅಂತ ಟ್ಯಾಂಕಿಗೆ ಏನನ್ನೂ ಸುರಿಯಲು ಬಿಡಬೇಡಿ

ಡೀಸೆಲ್ ಗಾಡಿ ಇರುವವರು, ಅದರಲ್ಲೂ ಬಿಎಸ್ 4 (ಭಾರತ್ ಸ್ಟೇಜ್ 4, ಅಂದರೆ ಸರ್ಕಾರದ ಹಳೇ ಹೊಗೆ ಮಾನದಂಡ) ಪಿಕಪ್ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟೆಸ್ಟ್ ಫೇಲ್ ಆಯಿತು ಅಂತ ಯಾರಾದರೂ ಟ್ಯಾಂಕಿಗೆ ಬಾಟಲಿ ಸುರಿಯಲು ಬಂದರೆ ಅಲ್ಲೇ ತಡೆಯಿರಿ. ನಮ್ಮ ಗಾಡಿಯ ಡೀಸೆಲ್ ಪಂಪ್ ಹಾಳಾಗಿದ್ದು ಅಲ್ಲಿಂದಲೇ.

ನಮ್ಮದು ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಸಾಗಿಸುವ ಪಿಕಪ್. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ಹತ್ತಿರ ಬಂದಿತ್ತು. ಎಮಿಷನ್ ಟೆಸ್ಟ್ ಮಾಡಿಸಿದರೆ ಹೊಗೆಯ ದಟ್ಟಣೆ ಅಳೆಯುವ ಮೀಟರ್ 2.1 ತೋರಿಸಿತು. ಬಿಎಸ್ 4 ಡೀಸೆಲ್ ಗಾಡಿಗೆ ಮಿತಿ 1.62. ಗ್ಯಾರೇಜಿಗೆ ಒಯ್ದಾಗ ಅಲ್ಲಿಯ ಮೆಕ್ಯಾನಿಕ್, “ಅಣ್ಣ, ಡೀಸೆಲ್ಲೇ ಸರಿ ಇಲ್ಲ. ಅಡಿಟಿವ್ ಹಾಕಿದ್ರೆ ಪಾಸ್ ಆಗುತ್ತೆ” ಎಂದು ಡೀಸೆಲ್‌ಗೆ ಬೆರೆಸುವ ಆ ದ್ರಾವಣದ ಒಂದು ಬಾಟಲಿ ಸುರಿದ. ಹೈವೇಯಲ್ಲಿ ಕಡಿಮೆ ಗೇರಿನಲ್ಲಿ ಜೋರಾಗಿ ಓಡಿಸಿಕೊಂಡು ಬನ್ನಿ ಅಂದ. ಮತ್ತೆ ಟೆಸ್ಟ್ ಮಾಡಿದಾಗ 1.5 ಬಂತು, ಪಾಸ್ ಆಯಿತು.

ಬಾಟಲಿಯಿಂದಲೇ ಪಾಸ್ ಆಗಿದ್ದು ಅಂತ ಯಾರಿಗಾದರೂ ಅನಿಸುತ್ತೆ ಅಲ್ವಾ? ನಿಜವಾಗಿ ಕೆಲಸ ಮಾಡಿದ್ದು ಆ ಓಟ. ತಣ್ಣಗಿನ ಇಂಜಿನ್ ಜಾಸ್ತಿ ಹೊಗೆ ಬಿಡುತ್ತದೆ. ನಿಧಾನವಾಗಿ ಓಡಿದ ಗಾಡಿಯ ಸೈಲೆನ್ಸರ್‌ನಲ್ಲಿ ಮಸಿ ಕೂತಿರುತ್ತದೆ, ಟೆಸ್ಟ್‌ನಲ್ಲಿ ಆಕ್ಸಲರೇಟರ್ ಒತ್ತಿದ ಕೂಡಲೇ ಅದೆಲ್ಲ ಹೊರಗೆ ಬರುತ್ತದೆ. ಟೆಸ್ಟ್ ಶುರು ಮಾಡುವ ಮೊದಲು ಇಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಬಿಸಿ ಇರಬೇಕು ಅನ್ನುವ ನಿಯಮ ಇರುವುದು ಇದಕ್ಕೇ. ಎಷ್ಟೋ ಕಡೆ ಅದನ್ನು ನೋಡುವುದೇ ಇಲ್ಲ.

ಸ್ವಲ್ಪ ದಿನಕ್ಕೆ ಮತ್ತೆ ಕಪ್ಪು ಹೊಗೆ ಶುರುವಾಯಿತು. ಲೋಡ್ ಹಾಕಿದರೆ ಎಳೆತ ಇಲ್ಲ. ಅದೇ ಗ್ಯಾರೇಜಿನಲ್ಲಿ ಬಿಟ್ಟೆವು, “ಸರ್ವಿಸ್ ಆಗಿದೆ” ಅಂತ ವಾಪಸ್ ಕೊಟ್ಟರು. ಈ ಸಲ ನಮಗೆ ಒಂದು ಮಾತೂ ಹೇಳದೆ ಟ್ಯಾಂಕಿಗೆ ಸೀಮೆಎಣ್ಣೆ, ಥಿನ್ನರ್ ಬೆರೆಸಿದ್ದರು. ಗೊತ್ತಾಗಿದ್ದು ಗಾಡಿ ಸ್ಟಾರ್ಟ್ ಆಗುವುದೇ ನಿಂತು, ಹುಬ್ಬಳ್ಳಿಯಲ್ಲಿ ಪಂಪ್ ರಿಪೇರಿ ಮಾಡುವವರ ಹತ್ತಿರ ಬಿಚ್ಚಿಸಿದಾಗ. ಡೀಸೆಲ್ ಫಿಲ್ಟರ್ ತೆಗೆದ ಕೂಡಲೇ ಥಿನ್ನರ್ ವಾಸನೆ ಹೊಡೆಯಿತು. ಪಂಪಿನೊಳಗೆ ಹೊಳೆಯುವ ಲೋಹದ ಪುಡಿ.

ಇದು ಯಾಕೆ ಹೀಗಾಗುತ್ತದೆ ಅಂತ ಎಲ್ಲರಿಗೂ ತಿಳಿದಿರಬೇಕು. ಸಿಆರ್‌ಡಿಐ (ಡೀಸೆಲನ್ನು ಭಾರೀ ಒತ್ತಡದಲ್ಲಿ ಸಿಂಪಡಿಸುವ ಈಗಿನ ಮಾದರಿ) ಇಂಜಿನ್‌ನ ಹೈ ಪ್ರೆಶರ್ ಪಂಪ್ 1000 ಬಾರ್‌ಗೂ ಜಾಸ್ತಿ ಒತ್ತಡದಲ್ಲಿ ಡೀಸೆಲ್ ತಳ್ಳುತ್ತದೆ. ಒಳಗಿನ ಭಾಗಗಳಿಗೆ ಜಾರಿಕೆ ಕೊಡುವುದು ಆ ಡೀಸೆಲ್ಲೇ. ಸೀಮೆಎಣ್ಣೆ, ಥಿನ್ನರ್ ತೆಳು, ಅವಕ್ಕೆ ಆ ಗುಣ ಇಲ್ಲ. ಲೋಹಕ್ಕೆ ಲೋಹ ಉಜ್ಜಿ ಪುಡಿಯಾಗುತ್ತದೆ, ಆ ಪುಡಿ ಸೀದಾ ಇಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗೆ ಹೋಗುತ್ತದೆ. ನಮಗೆ ಪಂಪ್, ಇಂಜೆಕ್ಟರ್, ಟ್ಯಾಂಕ್ ತೊಳೆಯುವುದು ಎಲ್ಲ ಸೇರಿ ಆದ ಖರ್ಚಿನಲ್ಲಿ ಆ ಸೀಸನ್ನಿನ ಬಾಡಿಗೆ ದುಡ್ಡು ಪೂರ್ತಿ ಹೋಯಿತು.

ಅಷ್ಟು ಮಾಡಿದರೂ ಹೊಗೆಗೆ ಮೂಲ ಕಾರಣ ಬೇರೆಯೇ ಇತ್ತು. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪ್ ಕ್ಲಾಂಪಿನ ಕೆಳಗೆ ಸೀಳಿತ್ತು. ಗಾಳಿ ಸೋರಿ ಹೋಗುತ್ತಿತ್ತು, ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತಿತ್ತು. ಪೈಪ್ ಮತ್ತು ಏರ್ ಫಿಲ್ಟರ್ ಬದಲಾಯಿಸಿದ ಮೇಲೆ ಮೀಟರ್ 0.9ಕ್ಕೆ ಇಳಿಯಿತು. ಇದನ್ನು ಮೊದಲ ದಿನವೇ ಕೈ ಹಾಕಿ ನೋಡಬಹುದಿತ್ತು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಹಾಗಾದರೆ ಡೀಸೆಲ್ ಗುಣಮಟ್ಟಕ್ಕೂ ಟೆಸ್ಟಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಗ್ಯಾರೇಜಿನವರು ಹೇಳುವಷ್ಟಿಲ್ಲ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಬಿಎಸ್ 6 ಡೀಸೆಲ್ಲೇ ಬರುವುದು. ಅದರಲ್ಲಿ ಗಂಧಕ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ). ಬಿಎಸ್ 4 ಡೀಸೆಲ್‌ನಲ್ಲಿ 50 ಇತ್ತು. ಹಳೇ ಗಾಡಿಗೆ ಇದರಿಂದ ಹೊಗೆ ಜಾಸ್ತಿ ಆಗುವುದಿಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಡೀಸೆಲ್ ಗಾಡಿಯ ಎಮಿಷನ್ ಟೆಸ್ಟ್ ನೋಡುವುದು ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಅನ್ನುವುದನ್ನು ಮಾತ್ರ. ಬಾಟಲಿ ಮೇಲೆ ಬೇರೆ ಯಾವ ಅನಿಲ ಕಡಿಮೆಯಾಗುತ್ತದೆ ಅಂತ ಬರೆದಿದ್ದರೂ ಎಮಿಷನ್ ಸರ್ಟಿಫಿಕೇಟ್ ಸಿಗಲು ಅದರಿಂದ ಪ್ರಯೋಜನವಿಲ್ಲ.

ಒಳ್ಳೆಯ ಅಡಿಟಿವ್‌ಗಳೂ ಇವೆ, ಇಲ್ಲ ಅನ್ನುವುದಿಲ್ಲ. ಸೀಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವ ಅಳತೆ) ಹೆಚ್ಚಿಸುವಂಥದ್ದು ಚಳಿಯಲ್ಲಿ ಸ್ಟಾರ್ಟ್ ಆಗಲು ನೆರವಾಗುತ್ತದೆ. ಇಂಜೆಕ್ಟರ್ ಶುಚಿ ಮಾಡುವಂಥದ್ದು ಕೆಲವು ಟ್ಯಾಂಕ್ ಡೀಸೆಲ್ ಖಾಲಿಯಾಗುವಷ್ಟರಲ್ಲಿ ನಿಧಾನಕ್ಕೆ ಕೆಲಸ ಮಾಡುತ್ತದೆ. ಸೀಳಿದ ಪೈಪು, ಕಟ್ಟಿಕೊಂಡ ಏರ್ ಫಿಲ್ಟರ್, ತೆರೆದೇ ಉಳಿದ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವ ವಾಲ್ವ್) ಇವನ್ನು ಯಾವ ಬಾಟಲಿಯೂ ಸರಿ ಮಾಡದು. ಬಿಎಸ್ 6 ಗಾಡಿಯವರು ಇನ್ನೂ ಹುಷಾರಾಗಿರಿ. ಲೋಹದ ಅಂಶ ಇರುವ ಅಡಿಟಿವ್ ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ (ಸೈಲೆನ್ಸರ್ ಕಡೆ ಮಸಿ ಹಿಡಿಯುವ ಫಿಲ್ಟರ್) ಉಳಿದುಬಿಡುತ್ತದೆ, ಉರಿದು ಹೋಗುವುದಿಲ್ಲ.

ಡೀಸೆಲ್ ಮೇಲೆ ನಿಜವಾಗಿಯೂ ಅನುಮಾನ ಇದ್ದರೆ ಮೊದಲು ಫಿಲ್ಟರ್ ಕೆಳಗಿನ ನೀರು ತೆಗೆಯುವ ಸ್ಕ್ರೂ ಬಿಚ್ಚಿ, ಗಾಜಿನ ಬಾಟಲಿಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬಂಕ್‌ನಲ್ಲಿ ಡೆನ್ಸಿಟಿ (ಡೀಸೆಲ್‌ನ ಸಾಂದ್ರತೆ) ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಅದನ್ನು ಅಳೆಯುವ ಜಾರ್, ಹೈಡ್ರೋಮೀಟರ್ ಅವರ ಹತ್ತಿರ ಇರಲೇಬೇಕು. 15 ಡಿಗ್ರಿಗೆ ಲೆಕ್ಕ ಹಾಕಿದಾಗ ಅವರ ದಾಖಲೆಯ ಅಂಕಿಗೂ ಇದಕ್ಕೂ ಘನ ಮೀಟರ್‌ಗೆ 3 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಡೀಸೆಲ್ ಬಿಲ್ ಎತ್ತಿಡಿ, ದೂರು ಕೊಡಲು ಬೇಕಾಗುತ್ತದೆ. ಗ್ಯಾರೇಜಿಗೆ ಗಾಡಿ ಬಿಡುವಾಗ ಟ್ಯಾಂಕಿಗೆ ಏನೂ ಹಾಕಬಾರದು ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿ.