ಹಾಯಿದೋಣಿ ಕಲಿಯೋಕೆ ಹುಸೇನ್ ಸಾಗರವೋ, ಗೋವಾ ಕಡಲೋ?

ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದವರಿಗೆ ನೀರಿನ ಭಯ ಕಡಿಮೆ ಇರಬಹುದು. ಆದರೆ ಹಾಯಿದೋಣಿ ಬೇರೆಯೇ ಲೆಕ್ಕ, ಅಲ್ಲಿ ಗಾಳಿಯೇ ಎಲ್ಲ.

ಹೊಸಬರಿಗೆ ನಾನು ಹೇಳೋದು ಮೊದಲು ಕೆರೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ದೊಡ್ಡ ಅಲೆ ಇಲ್ಲ, ದಡ ಯಾವಾಗಲೂ ಕಣ್ಣಿಗೆ ಕಾಣುತ್ತೆ. ತೊಂದರೆ ಏನಂದ್ರೆ, ಸುತ್ತ ಕಟ್ಟಡಗಳಿರೋದರಿಂದ ಗಾಳಿ ಗಳಿಗೆಗೊಂದು ದಿಕ್ಕು ಹಿಡಿಯುತ್ತೆ, ಹಾಯಿಯ ಕೆಳಗಿನ ಅಡ್ಡಕೋಲು ಸರ್ರನೆ ಈ ಕಡೆಯಿಂದ ಆ ಕಡೆಗೆ ಬರುತ್ತೆ, ತಲೆ ತಗ್ಗಿಸದಿದ್ರೆ ಪೆಟ್ಟು ಗ್ಯಾರಂಟಿ. ನೀರೂ ಅಷ್ಟು ಚೊಕ್ಕಟ ಅಲ್ಲ, ಬಿದ್ದರೆ ಬಾಯಿ ಮುಚ್ಚಿಕೊಳ್ಳಿ.

ದೋಣಿ ಮಗುಚೋದು ಕೆರೆ, ಕಡಲು ಎರಡರಲ್ಲೂ ಇದ್ದದ್ದೇ. ಅದನ್ನ ಮತ್ತೆ ನೆಟ್ಟಗೆ ಮಾಡೋಕೆ ತಳದಿಂದ ಚಾಚಿರೋ ಹಲಗೆ ಮೇಲೆ ನಿಂತು, ದೋಣಿ ಅಂಚು ಹಿಡಿದು ಹಿಂದಕ್ಕೆ ವಾಲಬೇಕು. ಹಾಯಿ ನೀರು ಸುರಿಸಿಕೊಂಡು ನಿಧಾನಕ್ಕೆ ಮೇಲೆದ್ದಾಗ ಆಗೋ ಖುಷಿ ಬೇರೆಯೇ. ಇದನ್ನು ಕೆರೆಯಲ್ಲೇ ನಾಲ್ಕು ಸಲ ಮಾಡಿ.

ಗೋವಾದಲ್ಲಿ ಕಡಲ ಗಾಳಿ ಹೆಚ್ಚು ಕಡಿಮೆ ಒಂದೇ ಸಮ ಬೀಸುತ್ತೆ, ಅದು ದೊಡ್ಡ ಲಾಭ. ಆದರೆ ಅಲೆ, ಉಬ್ಬರ, ಇಳಿತ ಎಲ್ಲಾ ನೋಡಬೇಕು. ಮಳೆಗಾಲದಲ್ಲಿ ಹೊಸಬರು ಕಡಲಿಗೆ ಇಳಿಯೋ ಮಾತೇ ಬೇಡ.

ಪ್ರಯಾಣ? ಬಳ್ಳಾರಿ, ಕೊಪ್ಪಳದವರಿಗೆ ಗೋವಾದ ವಾಸ್ಕೋಗೆ ಹೋಗೋ ಅಮರಾವತಿ ಎಕ್ಸ್‌ಪ್ರೆಸ್ ಇದೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ.

ಮಕ್ಕಳಾದ್ರೆ ಆಪ್ಟಿಮಿಸ್ಟ್ ದೋಣಿ, 2.3 ಮೀಟರ್ ಉದ್ದ, ಸಣ್ಣ ಹಾಯಿ. ದೊಡ್ಡವರಿಗೆ ಲೇಸರ್ ಅನ್ನೋ ದೋಣಿ ಕೊಡ್ತಾರೆ, 4.2 ಮೀಟರ್, ಒಬ್ಬರೇ ನಡೆಸೋದು. ಸಿಕ್ಕರೆ ಮೊದಲ ದಿನ ಇಬ್ಬರು ಕೂರೋ ದೋಣಿ ಕೇಳಿ, ಕಲಿಸೋರು ಪಕ್ಕದಲ್ಲೇ ಇರ್ತಾರೆ.