ದುಂಡು ತಲೆ, ಸೋನಿಕ್, ಸಾದಾ ಬ್ರಷ್: ಯಾವುದು ಯಾರಿಗೆ?

ಹಲ್ಲುಜ್ಜುವ ಎಲೆಕ್ಟ್ರಿಕ್ ಬ್ರಷ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರ ತಲೆ ಪುಟ್ಟದು, ದುಂಡಗಿರುತ್ತದೆ. ಅದು ನಿಮಿಷಕ್ಕೆ ಸಾವಿರಾರು ಸಲ ಅತ್ತಿತ್ತ ತಿರುಗುತ್ತದೆ. ಇನ್ನೊಂದು ಸೋನಿಕ್. ಇದರ ತಲೆ ಸಾದಾ ಬ್ರಷ್‌ನಂತೆ ಉದ್ದ, ಎಳೆಗಳು ನಿಮಿಷಕ್ಕೆ ಸುಮಾರು 31,000 ಸಲ ಅದುರುತ್ತವೆ.

ವ್ಯತ್ಯಾಸ ಜಾಸ್ತಿ ಗೊತ್ತಾಗುವುದು ಬಳಸುವಾಗ. ದುಂಡು ತಲೆಯನ್ನು ಒಂದೊಂದೇ ಹಲ್ಲಿನ ಮೇಲೆ ಒಂದೆರಡು ಸೆಕೆಂಡ್ ಇಟ್ಟು ಮುಂದೆ ಸಾಗಬೇಕು. ಕೊನೆಯ ದವಡೆ ಹಲ್ಲಿನ ಹಿಂಬದಿಗೂ ಅದು ಸಲೀಸಾಗಿ ಹೋಗುತ್ತದೆ. ಬಾಯಿ ಚಿಕ್ಕದಿದ್ದವರಿಗೆ ಇದೇ ಅನುಕೂಲ. ಸದ್ದು ಮಾತ್ರ ಸ್ವಲ್ಪ ಜಾಸ್ತಿ. ಸೋನಿಕ್ ಆದರೆ ವಸಡಿನ ಅಂಚಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ಸರಿಸಿದರೆ ಸಾಕು. ಸಾದಾ ಬ್ರಷ್ ರೂಢಿ ಇದ್ದವರಿಗೆ ಬೇಗ ಒಗ್ಗುತ್ತದೆ. ಯಾವುದೇ ತಗೊಂಡರೂ ಗಸಗಸ ಉಜ್ಜಬೇಡಿ, ಆ ಕೆಲಸ ಮೋಟಾರಿನದು.

ಖರ್ಚಿಗೆ ಬಂದರೆ, ಹ್ಯಾಂಡಲ್ ಬೆಲೆ ಮಾತ್ರ ನೋಡಿದರೆ ಸಾಲದು. ತಲೆಯನ್ನು ಸುಮಾರು 3 ತಿಂಗಳಿಗೊಮ್ಮೆ ಬದಲಿಸಬೇಕಲ್ವಾ? ಅದು ಸುಲಭವಾಗಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಚಾರ್ಜ್ ಮಾಡುವ ಹೆಚ್ಚಿನ ಬ್ರಷ್‌ಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಅದು ಸತ್ತರೆ ಇಡೀ ಹ್ಯಾಂಡಲ್ ಹೋದಂತೆ. ಸಾದಾ ಬ್ರಷ್‌ಗೆ ಈ ತಾಪತ್ರಯವೇ ಇಲ್ಲ. ದಿನಕ್ಕೆರಡು ಸಲ, 2 ನಿಮಿಷ, ಸರಿಯಾಗಿ ಉಜ್ಜುವವರು ಅದರಲ್ಲೇ ಮುಂದುವರಿಯಬಹುದು.

ಐದಾರು ಮೋಡ್, ಫೋನ್ ಆ್ಯಪ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. 2 ನಿಮಿಷದ ಟೈಮರ್ ಮಾತ್ರ ಇರಲೇಬೇಕು. ಒತ್ತಿ ಉಜ್ಜುವ ಅಭ್ಯಾಸವಿದ್ದು ವಸಡು ಸವೆಯುತ್ತಿದ್ದರೆ, ಒತ್ತಡ ಜಾಸ್ತಿಯಾದಾಗ ಎಚ್ಚರಿಸುವ ಸೆನ್ಸರ್ ಇರುವುದನ್ನೇ ಆರಿಸಿ. ಬೆರಳು ಗಂಟು ನೋಯುವವರಿಗೆ ದಪ್ಪ ಹಿಡಿಯ ಎಲೆಕ್ಟ್ರಿಕ್ ಬ್ರಷ್ ನಿಜಕ್ಕೂ ದೊಡ್ಡ ನೆರವು.